ಮಳೆಗಾಲದಲ್ಲಿ ಕಾರಿನೊಳಗೆ ನೀರು: ಎಲ್ಲಿಂದ ಹುಡುಕಬೇಕು?

ಉಡುಪಿ, ಮಂಗಳೂರಿನ ಜೂನ್–ಜುಲೈ ಮಳೆಗೆ ಕಾರಿನ ಮ್ಯಾಟ್ ಒದ್ದೆಯಾದರೆ ತಕ್ಷಣ ಸೋರಿಕೆ ಮುಚ್ಚುವ ಸಿಲಿಕಾನ್ ಅಂಟು ಹಚ್ಚಲು ಹೋಗಬೇಡಿ. ನೀರು ಮಳೆಯದೋ ಎಸಿಯದೋ, ಅದು ಮೊದಲು ತಿಳಿಯಲಿ. ಮಳೆ ಬಿಟ್ಟಾಗ ಬಯಲಲ್ಲಿ ಗಾಡಿ ನಿಲ್ಲಿಸಿ 20 ನಿಮಿಷ ಎಸಿ ಓಡಿಸಿ. ಗಾಡಿಯಡಿ ನೀರು ತೊಟ್ಟಿಕ್ಕದೆ ಮುಂದಿನ ಎಡ ಸೀಟಿನ ಕಾಲಡಿ ಒದ್ದೆಯಾದರೆ ಎಸಿ ನೀರನ್ನು ಹೊರಬಿಡುವ ಡ್ರೈನ್ ಪೈಪ್ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ಹೊರತುದಿಯಿಂದ ಮೆಲ್ಲಗೆ ಗಾಳಿ ಹೊಡೆಸಿ. ಜೋರು ಒತ್ತಡಕ್ಕೆ ಪೈಪ್ ಒಳಗೇ ಕಳಚೀತು. ದ್ರವ ಅಂಟಂಟಾಗಿ ಸಿಹಿವಾಸನೆ ಬಂದರೆ ಅದು ಎಂಜಿನ್ ತಂಪಾಗಿಡುವ ಕೂಲೆಂಟ್, ನೇರ ಗ್ಯಾರೇಜಿಗೆ ಒಯ್ಯಿರಿ.

ಮಳೆನೀರಾದರೆ ಬಾನೆಟ್ ಎತ್ತಿ ವೈಪರ್ ಕೆಳಗಿನ ಕಾಲುವೆ ನೋಡಿ. ಮಾವು, ಹಲಸಿನ ಮರದಡಿ ನಿಲ್ಲುವ ಗಾಡಿಗಳಲ್ಲಿ ಅಲ್ಲಿ ಎಲೆ ಕೊಳೆತು ಗೊಬ್ಬರವೇ ಆಗಿರುತ್ತದೆ. ಕಸ ತೆಗೆದು ಎರಡೂ ಬದಿಗೆ ಒಂದೊಂದು ಚೊಂಬು ನೀರು ಹೊಯ್ಯಿರಿ, ಸರಾಗ ಕೆಳಗಿಳಿಯಬೇಕು. ಬಾಗಿಲಿನ ಗಾಜಿನಂಚಿನಿಂದ ನೀರು ಒಳಗಿಳಿಯುವುದು ಸಹಜ, ಆದರೆ ಅಡಿಯಂಚಿನ ರಂಧ್ರಗಳು ತೆರೆದಿರಬೇಕು. ಹಿಡಿಸೂಡಿ ಕಡ್ಡಿ ಸಾಕು, ಬಣ್ಣ ಗೀರುವ ಸ್ಕ್ರೂಡ್ರೈವರ್ ಬೇಡ. ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯ (ಬೀಡಿಂಗ್) ನಡುವೆ ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದ ಕಡೆ ಬೀಡಿಂಗ್ ಸೋತಿದೆ.

ಮೇಲಿನ ಮ್ಯಾಟ್ ಒಣಗಿಸಿದರೆ ಸಾಲದು. ಕಾರ್ಪೆಟ್ಟಿನಡಿಯ ಸ್ಪಂಜು ನೀರು ಹಿಡಿದಿಟ್ಟು ತಗಡಿಗೆ ತುಕ್ಕು ತರುತ್ತದೆ, ಗಾಜಿಗೆ ದಿನವೂ ಮಂಜು ಕಟ್ಟಿಸುತ್ತದೆ. ಕಾರ್ಪೆಟ್ ಎತ್ತಿ ಫ್ಯಾನ್ ಇಡಿ. ದಾರಿಯಲ್ಲಿ ಒಳಗಾಜು ಮಸುಕಾದರೆ ಎಸಿ ಹಾಕಿ, ಗಾಳಿಯನ್ನು ಗಾಜಿನತ್ತ ತಿರುಗಿಸಿ, ರಿಸರ್ಕ್ಯುಲೇಷನ್ (ಒಳಗಿನ ಗಾಳಿಯನ್ನೇ ಸುತ್ತಿಸುವ ವ್ಯವಸ್ಥೆ) ಬಂದ್ ಮಾಡಿ.