ಎಲೆ ನೋಡಿ ಮೋಸ ಹೋಗ್ಬೇಡಿ, ಬೇರು ಅಳೀರಿ: ಔಷಧಿ ಬೆರೆತ ನೀರು ಗಿಡಕ್ಕೆ ಏನ್ ಮಾಡುತ್ತೆ ಅಂತ ಮನೇಲೇ ನೋಡೋದು ಹೇಗೆ

ಎರಡು ಡಬ್ಬಿ, ಎರಡರಲ್ಲೂ ಒದ್ದೆ ಟಿಶ್ಯೂ ಪೇಪರ್ ಮೇಲೆ ಸಾಸಿವೆ ಕಾಳು. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಆಸ್ಪಿರಿನ್ ಕರಗಿಸಿದ ನೀರು. ನಾಲ್ಕನೇ ದಿನ ಮೇಲಿಂದ ಬಗ್ಗಿ ನೋಡಿದಾಗ ನಂಗೇನೂ ವ್ಯತ್ಯಾಸ ಕಾಣ್ಲಿಲ್ಲ, ಎರಡರಲ್ಲೂ ಮೊಳಕೆ ಬಂದಿದೆ, ಪುಟಾಣಿ ಹಸಿರು ಎಲೆ ಬಿಚ್ಕೊಳ್ತಾ ಇದೆ, ಸರಿ ಏನೂ ಆಗ್ಲಿಲ್ಲ ಬಿಡು ಅಂತ ಎತ್ತಿ ಬಿಸಾಕೋಣ ಅಂದ್ಕೊಂಡು ಒಂದೊಂದೇ ಸಸಿ ಕಿತ್ತಾಗ ಗೊತ್ತಾಯ್ತು. ನೀರಿನ ಡಬ್ಬೀದು ಬೇರು ಉದ್ದಕ್ಕೆ ನೇರವಾಗಿ ಹೋಗಿ, ಸುತ್ತ ಬಿಳೀ ಮಖಮಲ್ ಥರ ರೋಮ ಬಿಟ್ಟಿತ್ತು. ಮಾತ್ರೆ ನೀರಿಂದು ಗಿಡ್ಡ, ತುದಿ ಮೊಂಡು, ರೋಮ ಅಲ್ಲೊಂದು ಇಲ್ಲೊಂದು.

ಔಷಧಿ ಮಾಲಿನ್ಯ ಗಿಡಕ್ಕೆ ಏನು ಮಾಡುತ್ತೆ ಅನ್ನೋದರ ಬಗ್ಗೆ ಓದೋಕೆ ಹೋದ್ರೆ ಎಲ್ಲಾ ಕಡೆ ಎಲೆ ಹಳದಿ ಆಗುತ್ತೆ, ಗಿಡ ಸಾಯುತ್ತೆ ಅಂತ ಇರುತ್ತೆ, ಆದ್ರೆ ನಿಜವಾಗಿ ಬಹಳಷ್ಟು ಸಲ ಮೇಲೆ ಏನೂ ಕಾಣಲ್ಲ, ಆಟ ನಡೀತಿರೋದು ಕೆಳಗೆ. ಇದನ್ನ ನೋಡೋ ವಿಧಾನ ಮುಂದೆ ಹೇಳ್ತೀನಿ, ಖರ್ಚು ಅಂತ ಏನೂ ಇಲ್ಲ, ಐದು ದಿನ ತಾಳ್ಮೆ ಸಾಕು. ಅದಕ್ಕೂ ಮುಂಚೆ ಸ್ವಲ್ಪ ಹಿನ್ನೆಲೆ ಗೊತ್ತಿದ್ರೆ ಅಳತೆ ಮಾಡುವಾಗ ಏನ್ ನೋಡ್ತಿದೀರಿ ಅಂತ ಅರ್ಥ ಆಗುತ್ತೆ.

ಮಾತ್ರೆ ಮಣ್ಣಿಗೆ ಹೇಗೆ ಬರುತ್ತೆ

ನಾವು ನುಂಗಿದ್ದೆಲ್ಲಾ ದೇಹದಲ್ಲೇ ಖಾಲಿ ಆಗಲ್ಲ. ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಅರ್ಧಕ್ಕಿಂತ ಹೆಚ್ಚು ಹಾಗ್ಹಾಗೇ ಮೂತ್ರದಲ್ಲಿ ಆಚೆ ಹೋಗುತ್ತೆ, ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಅಂತೂ ದೇಹದಲ್ಲಿ ಬದಲಾಗೋದೇ ಇಲ್ಲ, ಹೋದ ರೂಪದಲ್ಲೇ ಬರುತ್ತೆ. ಕೊಳಚೆ ನೀರು ಶುದ್ಧ ಮಾಡೋ ಘಟಕಗಳನ್ನ ಕಟ್ಟಿರೋದು ಕೊಳೆ, ಸಾರಜನಕ, ರೋಗಾಣು ಇವನ್ನ ತೆಗೆಯೋಕೆ, ಮಾತ್ರೆ ತೆಗೆಯೋಕಲ್ಲ, ಹಾಗಾಗಿ ಅಪಸ್ಮಾರಕ್ಕೆ ಕೊಡೋ ಕಾರ್ಬಮಜೆಪೈನ್ ಥರದ್ದು ಹೆಚ್ಚುಕಮ್ಮಿ ಟಿಕೆಟ್ ಇಲ್ಲದೇ ಪ್ರಯಾಣ ಮಾಡಿದ ಹಾಗೆ ಒಳಗೆ ಹೋಗಿ ಆ ಕಡೆ ಹೊರಗೆ ಬರುತ್ತೆ. ಆ ನೀರು ನದಿಗೆ ಅಥವಾ ನೇರ ಹೊಲಕ್ಕೆ, ಕೆಳಗೆ ಉಳಿದ ಕೆಸರು ಗೊಬ್ಬರ ಅಂತ ಹೊಲಕ್ಕೆ. ದನ, ಹಂದಿ, ಕೋಳಿಗೆ ಕೊಟ್ಟ ಆಂಟಿಬಯಾಟಿಕ್ ಸಗಣಿ, ಹಿಕ್ಕೆ ಮೂಲಕ ಸೀದಾ ಹೊಲಕ್ಕೆ, ಅಲ್ಲಿ ಮಧ್ಯೆ ಘಟಕನೂ ಇಲ್ಲ.

2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 104 ದೇಶಗಳ 258 ನದಿಗಳ ನೀರು ಪರೀಕ್ಷೆ ಮಾಡಿದ್ರು, ಕಾರ್ಬಮಜೆಪೈನ್, ಮೆಟ್‌ಫಾರ್ಮಿನ್, ಕೆಫೀನ್ ಮೂರೂ ಅರ್ಧಕ್ಕಿಂತ ಹೆಚ್ಚು ಜಾಗಗಳಲ್ಲಿ ಸಿಕ್ಕಿದ್ವು. ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ ನ್ಯಾನೋಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿ ಇರುತ್ತೆ, ಅಂದ್ರೆ ತೀರಾ ಕಮ್ಮಿ. ಆದ್ರೆ ಔಷಧಿ ಕಾರ್ಖಾನೆ ಪಕ್ಕ ಕಥೆನೇ ಬೇರೆ, 2007ರಲ್ಲಿ ಹೈದರಾಬಾದ್ ಹತ್ರ ಪಟಾನ್‌ಚೆರುವಿನ ಶುದ್ಧೀಕರಣ ಘಟಕದಿಂದ ಆಚೆ ಬರ್ತಿದ್ದ ನೀರಲ್ಲಿ ಸಿಪ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು ಅಂತ ಪ್ರಕಟ ಆಯ್ತು. ಶುದ್ಧೀಕರಣ ಆದ್ಮೇಲಿನ ನೀರು ಇದು. ಈ 31 ಅನ್ನೋ ನಂಬರ್ ನೆನಪಿಟ್ಕೊಳ್ಳಿ, ಆಮೇಲೆ ನಮ್ಮ ಡಬ್ಬಿಗೆ ಬೇಕಾಗುತ್ತೆ.

ಮನುಷ್ಯರ ಮಾತ್ರೆ ಗಿಡಕ್ಕೆ ಯಾಕೆ ತಾಗುತ್ತೆ

ನಂಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆದ ಭಾಗ ಇದು. ಗಿಡಕ್ಕೆ ಜ್ವರ ಇಲ್ಲ, ಬಿಪಿ ಇಲ್ಲ, ಕೊಲೆಸ್ಟ್ರಾಲ್ ಟೆಸ್ಟ್ ಮಾಡಿಸಲ್ಲ, ಮತ್ಯಾಕೆ ತೊಂದರೆ? ಯಾಕಂದ್ರೆ ಮಾತ್ರೆ ರೋಗವನ್ನ ಹುಡುಕ್ಕೊಂಡು ಹೋಗಲ್ಲ, ಜೀವಕೋಶದೊಳಗಿನ ಒಂದು ನಿರ್ದಿಷ್ಟ ಯಂತ್ರವನ್ನ ಹಿಡ್ಕೊಳ್ಳುತ್ತೆ, ಆ ಯಂತ್ರ ಗಿಡದಲ್ಲೂ ಇದ್ರೆ ಅಲ್ಲೂ ಹಿಡ್ಕೊಳ್ಳುತ್ತೆ ಅಷ್ಟೇ.

ಆಂಟಿಬಯಾಟಿಕ್ ತಗೊಳ್ಳಿ. ಎಲೆಯಲ್ಲಿ ಹಸಿರು ತುಂಬಿರೋ ಕ್ಲೋರೋಪ್ಲಾಸ್ಟ್ ಇದ್ಯಲ್ಲ, ಅದು ಬಹಳ ಹಿಂದೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾ, ಇನ್ನೊಂದು ಕೋಶದೊಳಗೆ ಹೋಗಿ ಅಲ್ಲೇ ಸಂಸಾರ ಹೂಡಿದ್ದು. ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ 1967ರಲ್ಲಿ ಈ ವಾದವನ್ನ ಗಟ್ಟಿಯಾಗಿ ಮುಂದಿಟ್ಟಾಗ ತುಂಬಾ ಜನ ಒಪ್ಪಿರಲಿಲ್ಲ, ಈಗ ಪಠ್ಯಪುಸ್ತಕದಲ್ಲೇ ಇದೆ. ಹಾಗಾಗಿ ಕ್ಲೋರೋಪ್ಲಾಸ್ಟ್ ಒಳಗೆ ಪ್ರೋಟೀನ್ ತಯಾರಿಸೋ ರೈಬೋಸೋಮ್ ಇವತ್ತಿಗೂ ಬ್ಯಾಕ್ಟೀರಿಯಾ ಮಾದರೀದೇ, ಬ್ಯಾಕ್ಟೀರಿಯಾ ಕೊಲ್ಲೋಕೆ ಮಾಡಿದ ಟೆಟ್ರಾಸೈಕ್ಲಿನ್, ಸ್ಟ್ರೆಪ್ಟೋಮೈಸಿನ್ ಇದನ್ನೂ ಬ್ಯಾಕ್ಟೀರಿಯಾನೇ ಅಂದ್ಕೊಂಡು ಕೆಲಸ ನಿಲ್ಲಿಸುತ್ತೆ. ಲ್ಯಾಬ್‌ನಲ್ಲಿ ಕುಲಾಂತರಿ ಸಸಿ ಯಾವ್ದು ಅಂತ ಆರಿಸೋಕೆ ಕ್ಯಾನಮೈಸಿನ್ ಅನ್ನೋ ಆಂಟಿಬಯಾಟಿಕ್ ಹಾಕೋದು ಇದೇ ಕಾರಣಕ್ಕೆ, ನಿರೋಧಕ ಜೀನ್ ಸೇರಿರೋ ಸಸಿ ಹಸಿರಾಗಿ ಉಳಿಯುತ್ತೆ, ಉಳಿದಿದ್ದು ಬಿಳಿಚ್ಕೊಂಡು ಹೋಗುತ್ತೆ. ಸಿಪ್ರೋಫ್ಲಾಕ್ಸಸಿನ್ ಬ್ಯಾಕ್ಟೀರಿಯಾದ ಡಿಎನ್‌ಎ ಸುರುಳಿ ಬಿಚ್ಚೋ ಜೈರೇಸ್ ಅನ್ನೋ ಕಿಣ್ವವನ್ನ ಲಾಕ್ ಮಾಡುತ್ತೆ, ಆ ಜೈರೇಸ್ ಗಿಡದ ಕ್ಲೋರೋಪ್ಲಾಸ್ಟ್, ಕೋಶಕ್ಕೆ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಎರಡರಲ್ಲೂ ಇದೆ.

ಸಲ್ಫಾ ಔಷಧಿಗಳದ್ದು ಇನ್ನೂ ಮಜಾ. ಬ್ಯಾಕ್ಟೀರಿಯಾ ತನಗೆ ಬೇಕಾದ ಫೋಲೇಟ್ ಅನ್ನೋ ವಿಟಮಿನ್ ತಾನೇ ತಯಾರಿಸ್ಕೊಳ್ಳುತ್ತೆ, ನಾವು ಊಟದಿಂದ ತಗೋತೀವಿ, ಅದಕ್ಕೇ ಸಲ್ಫಾ ನಮಗೆ ತಾಗದೇ ಬ್ಯಾಕ್ಟೀರಿಯಾಗೆ ತಾಗುತ್ತೆ ಅಂತ ಶಾಲೇಲಿ ಓದಿರ್ತೀವಿ. ಗಿಡನೂ ಫೋಲೇಟ್ ತಾನೇ ತಯಾರಿಸ್ಕೊಳ್ಳುತ್ತೆ! ಅದೇ ದಾರಿ, ಅದೇ ಕಿಣ್ವ. ಅಸುಲಾಮ್ ಅಂತ ಒಂದು ಕಳೆನಾಶಕ ಇದೆ, ಅದು ಕೆಲಸ ಮಾಡೋದು ಇದೇ ಕಿಣ್ವದ ಮೇಲೆ, ಅಂದ್ರೆ ಒಂದೇ ಉಪಾಯಾನ ಒಬ್ರು ಔಷಧಿ ಅಂತ ಮಾರ್ತಾರೆ, ಇನ್ನೊಬ್ರು ಕಳೆ ಸಾಯಿಸೋಕೆ ಅಂತ ಮಾರ್ತಾರೆ. ಕೊಲೆಸ್ಟ್ರಾಲ್‌ಗೆ ನುಂಗೋ ಸ್ಟೇಟಿನ್ ಕೂಡ ಹಾಗೇ, ಅದು ತಡೆಯೋ ಕಿಣ್ವದಿಂದಲೇ ಗಿಡ ತನ್ನ ಕೋಶದ ಪೊರೆಗೆ ಬೇಕಾದ, ಕೊಲೆಸ್ಟ್ರಾಲ್ ಥರದ ಸ್ಟೆರಾಲ್‌ಗಳನ್ನ ಮಾಡ್ಕೊಳ್ಳೋದು, ಕೆರೆಯ ಪುಟಾಣಿ ತೇಲುಸಸ್ಯ ಲೆಮ್ನಾ ಮೇಲೆ ಪ್ರಯೋಗ ಮಾಡಿದಾಗ ಅಟೋರ್ವಾಸ್ಟಾಟಿನ್ ಅನ್ನೋ ಸ್ಟೇಟಿನ್ ವಿಷ ಅಂತ ತೋರಿಸಿದಾರೆ.

ಒಳಗೆ ಹೋದ ಔಷಧಿ ಎಲ್ಲಿ ಕೂರುತ್ತೆ ಅನ್ನೋದು ಅದರ ಗುಣದ ಮೇಲೆ. ಟೆಟ್ರಾಸೈಕ್ಲಿನ್ ಜೇಡಿಮಣ್ಣು, ಕ್ಯಾಲ್ಸಿಯಂ ಕಂಡ್ರೆ ಅಂಟ್ಕೊಳ್ಳುತ್ತೆ, ಬೇರಿನ ತನಕ ಬರೋದು ಕಮ್ಮಿ. ಕಾರ್ಬಮಜೆಪೈನ್‌ಗೆ ವಿದ್ಯುದಂಶ ಇಲ್ಲ, ಬೇರಿನ ಪೊರೆ ಸುಲಭವಾಗಿ ದಾಟಿ ನೀರಿನ ಜೊತೆ ಮೇಲೆ ಹತ್ತುತ್ತೆ, ಎಲೆಯಿಂದ ನೀರು ಆವಿಯಾಗಿ ಹೋಗುತ್ತೆ, ಔಷಧಿ ಅಲ್ಲೇ ಉಳಿಯುತ್ತೆ, ಕುದಿಸಿದ ಪಾತ್ರೆ ತಳದಲ್ಲಿ ಉಪ್ಪು ಕಟ್ಟೋ ಹಾಗೆ. ಅದಕ್ಕೇ ಹಣ್ಣಿಗಿಂತ ಎಲೆಯಲ್ಲಿ ಜಾಸ್ತಿ. 2016ರಲ್ಲಿ ಇಸ್ರೇಲ್‌ನಲ್ಲಿ ಸಂಸ್ಕರಿಸಿದ ಕೊಳಚೆ ನೀರಲ್ಲಿ ಬೆಳೆದ ತರಕಾರಿಯನ್ನ ಸ್ವಯಂಸೇವಕರಿಗೆ ಒಂದು ವಾರ ತಿನ್ನಿಸಿ ನೋಡಿದಾಗ ಅವರ ಮೂತ್ರದಲ್ಲಿ ಕಾರ್ಬಮಜೆಪೈನ್ ಏರಿತ್ತು. ಪ್ರಮಾಣ ಚಿಕಿತ್ಸೆಯ ಡೋಸ್‌ಗಿಂತ ತುಂಬಾ ಕೆಳಗೆ, ಗಾಬರಿ ಬೇಡ, ಆದ್ರೆ ಸುತ್ತು ಪೂರ್ತಿ ಆಯ್ತಲ್ವಾ.

ಗಿಡ ಸುಮ್ನೆ ಕೂತಿರಲ್ಲ ಅನ್ನೋದನ್ನೂ ಹೇಳ್ಬೇಕು. ನಮ್ಮ ಲಿವರ್ ಮಾಡೋ ಕೆಲಸಾನ ಅದೂ ಮಾಡುತ್ತೆ, ನೋವಿನ ಮಾತ್ರೆ ಡೈಕ್ಲೋಫಿನಾಕ್ ಥರದ್ದು ಬಂದ್ರೆ ಕೆಲವೇ ಗಂಟೆಗಳಲ್ಲಿ ಅದಕ್ಕೆ ಸಕ್ಕರೆ ಅಥವಾ ಗ್ಲುಟಾಥಯೋನ್ ಅನ್ನೋ ಸಣ್ಣ ಅಣು ಅಂಟಿಸಿ ಕೋಶದ ಗೋಡೌನ್ ಅನ್ನಬಹುದಾದ ವ್ಯಾಕ್ಯೂಲ್‌ಗೆ ತಳ್ಳಿ ಬಾಗಿಲು ಹಾಕುತ್ತೆ, ವಿಜ್ಞಾನಿಗಳು ಇದನ್ನ ಹಸಿರು ಲಿವರ್ ಅಂತಾನೇ ಕರೀತಾರೆ. ಆದ್ರೆ ಆ ಕೆಲಸಕ್ಕೆ ಶಕ್ತಿ ಬೇಕು, ಬೆಳವಣಿಗೆಗೆ ಹೋಗ್ಬೇಕಾದ ಶಕ್ತಿ ಅಲ್ಲಿಗೆ ಹೋಗುತ್ತೆ. ಜೊತೆಗೆ ಬೇರಿನ ಸುತ್ತ ಸಾರಜನಕ ಒದಗಿಸೋ ಬ್ಯಾಕ್ಟೀರಿಯಾ ಇರ್ತವೆ, ಆಂಟಿಬಯಾಟಿಕ್ ಗಿಡಾನ ಮುಟ್ಟದೇ ಅವನ್ನ ಮುಟ್ಟಿದ್ರೂ ಗಿಡಕ್ಕೆ ನಷ್ಟನೇ.

ಈಗ ಡಬ್ಬಿ ಇಡೋಣ

ಆಂಟಿಬಯಾಟಿಕ್ ಇಟ್ಕೊಂಡು ಮನೇಲಿ ಪ್ರಯೋಗ ಬೇಡ್ವೇ ಬೇಡ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾನ ನಾವೇ ಸಾಕಿದ ಹಾಗಾಗುತ್ತೆ. ಆಸ್ಪಿರಿನ್ ಸಾಕು. ಅದು ನೀರಲ್ಲಿ ನಿಧಾನಕ್ಕೆ ಸ್ಯಾಲಿಸಿಲಿಕ್ ಆಮ್ಲ ಆಗುತ್ತೆ, ಅದು ಗಿಡದ ಸ್ವಂತ ಹಾರ್ಮೋನ್ ಕೂಡ ಹೌದು, ರೋಗ ಬಂದಾಗ ಎಚ್ಚರಿಕೆ ಗಂಟೆ ಬಾರಿಸೋಕೆ ಗಿಡ ಬಳಸೋ ವಸ್ತು, ಹೊರಗಿಂದ ಜಾಸ್ತಿ ಸಿಕ್ರೆ ಬೆಳವಣಿಗೆ ನಿಲ್ಲಿಸಿ ರಕ್ಷಣೆಗೆ ನಿಂತ್ಬಿಡುತ್ತೆ.

ಸ್ಟೆಪ್ 1: ಕೋಟಿಂಗ್ ಇಲ್ಲದ ಆಸ್ಪಿರಿನ್ ಒಟ್ಟು 300 ಮಿಲಿಗ್ರಾಂ ಆಗೋಷ್ಟು ತಗೊಳ್ಳಿ, 75ರದ್ದಾದ್ರೆ ನಾಲ್ಕು. ನಾನು ಮೊದಲ ಸಲ ಗೊತ್ತಿಲ್ದೇ ಕೋಟಿಂಗ್ ಇರೋದು ಹಾಕಿ ಎರಡು ದಿನ ಕಾದೆ, ಮಾತ್ರೆ ಗುಂಡು ಕಲ್ಲಿನ ಹಾಗೆ ತಳದಲ್ಲಿ ಕೂತಿತ್ತು. ಪುಡಿ ಮಾಡಿ 1 ಲೀಟರ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ, ತಳದಲ್ಲಿ ಸ್ವಲ್ಪ ಬಿಳೀ ಪುಡಿ ಉಳಿದ್ರೆ ಅದು ಮಾತ್ರೆಯ ಹಿಟ್ಟು, ಬಿಡಿ. ಇದು ಲೀಟರಿಗೆ 300 ಮಿಲಿಗ್ರಾಂ.

ಸ್ಟೆಪ್ 2: ಅದರಲ್ಲಿ 100 ಎಂಎಲ್ ತಗೊಂಡು 900 ಎಂಎಲ್ ನೀರಿಗೆ ಸೇರಿಸಿ, 30 ಆಯ್ತು. ಇದರಲ್ಲಿ ಮತ್ತೆ 100 ತಗೊಂಡು 900ಕ್ಕೆ, 3 ಆಯ್ತು. ಕಾರ್ಖಾನೆ ಪಕ್ಕದ 31 ನೆನಪಿದ್ಯಲ್ಲ, ಔಷಧಿ ಬೇರೆ ಆದ್ರೂ ನಮ್ಮ ಮಧ್ಯದ ಡಬ್ಬಿ ಅಷ್ಟರ ಪ್ರಮಾಣದ್ದು. ಸಾಮಾನ್ಯ ನದಿಯ ನೀರು ನಮ್ಮ 3ಕ್ಕಿಂತಲೂ ಸಾವಿರಾರು ಪಟ್ಟು ತೆಳು, ಹಾಗಾಗಿ ಈ ಪ್ರಯೋಗ ಉತ್ಪ್ರೇಕ್ಷೆನೇ, ಕಣ್ಣಿಗೆ ಕಾಣ್ಲಿ ಅಂತ ಬೇಕಂತ್ಲೇ ಮಾಡಿರೋ ಉತ್ಪ್ರೇಕ್ಷೆ.

ಸ್ಟೆಪ್ 3: ಐದು ಅಗಲ ಡಬ್ಬಿ, ತಳಕ್ಕೆ ಎರಡು ಪದರ ಟಿಶ್ಯೂ. 300, 30, 3, ಬರೀ ನೀರು, ಐದನೇದು ಒಂದೆರಡು ಹನಿ ವಿನಿಗರ್ ಹಾಕಿದ ನೀರು. ಇದ್ಯಾಕೆ ಅಂದ್ರೆ ಆಸ್ಪಿರಿನ್ ನೀರನ್ನ ಹುಳಿ ಮಾಡುತ್ತೆ, ಹುಳಿಯೊಂದೇ ಬೇರನ್ನ ಗಿಡ್ಡ ಮಾಡಬಲ್ಲದು, ಆ ಡಬ್ಬಿ ಇಲ್ದಿದ್ರೆ ತಪ್ಪು ಯಾರ ಮೇಲೆ ಹಾಕ್ಬೇಕು ಅಂತ ಗೊತ್ತಾಗಲ್ಲ. ಹುಳಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸೋ ಪಿಎಚ್ ಪಟ್ಟಿ ಸಿಕ್ರೆ 300ರ ನೀರಿಗೂ ವಿನಿಗರ್ ನೀರಿಗೂ ಒಂದೇ ಬಣ್ಣ ಬರೋ ಹಾಗೆ ಹೊಂದಿಸಿ. ಹೆಸರನ್ನ ಮುಚ್ಚಳದ ಮೇಲೆ ಬರೀಬೇಡಿ, ತಳದಲ್ಲಿ ಬರೀರಿ, ಅಳೆಯುವಾಗ ಯಾವ್ದು ಯಾವ್ದು ಅಂತ ಗೊತ್ತಿರ್ಬಾರ್ದು, ಗೊತ್ತಿದ್ರೆ ಕಣ್ಣು ನಮಗೆ ಬೇಕಾದ ಹಾಗೆ ಅಳೆಯುತ್ತೆ.

ಸ್ಟೆಪ್ 4: ಪ್ರತಿ ಡಬ್ಬಿಗೆ 20 ಸಾಸಿವೆ, ಒಂದಕ್ಕೊಂದು ತಾಗದ ಹಾಗೆ. ಟಿಶ್ಯೂ ಒದ್ದೆ ಇರ್ಬೇಕು, ನೀರು ನಿಲ್ಲಬಾರ್ದು, ನನ್ನ ಎರಡನೇ ಪ್ರಯತ್ನ ಪೂರ್ತಿ ಕೊಳೆತು ನಾತ ಬಂದಿದ್ದು ಇದರಿಂದ್ಲೇ. ಮುಚ್ಚಳ ಸಡಿಲ ಇಟ್ಟು ನೇರ ಬಿಸಿಲಿಲ್ಲದ ಜಾಗದಲ್ಲಿ ನಾಲ್ಕೈದು ದಿನ. ಒಣಗಿದ್ರೆ ಅದೇ ಡಬ್ಬಿಯ ದ್ರಾವಣ ಚಿಮುಕಿಸಿ.

ಸ್ಟೆಪ್ 5, ಅಳತೆ. ಮೊದಲು ಎಷ್ಟು ಮೊಳಕೆ ಬಂತು ಅಂತ ಎಣಿಸಿ ಬರ್ಕೊಳ್ಳಿ. ಇಲ್ಲಿ ವ್ಯತ್ಯಾಸ ಕಾಣದೇ ಇದ್ರೆ ಆಶ್ಚರ್ಯ ಬೇಡ, ಕಾಳಿಗೆ ಬುತ್ತಿ ಒಳಗೇ ಕಟ್ಟಿರುತ್ತೆ, ಸಿಪ್ಪೆನೂ ತಡೆಯುತ್ತೆ, ಹೊರಗಿನ ನೀರಿನ ಗುಣ ಅದಕ್ಕೆ ತಡವಾಗಿ ತಾಗುತ್ತೆ. ಬೇರಿನ ತುದಿಗೆ ಅಂಥ ರಕ್ಷಣೆ ಇಲ್ಲ, ಕೋಶ ಪಟಪಟ ಅಂತ ಒಂದು ಎರಡಾಗ್ತಾ ಇರೋ ಜಾಗ ಅದು, ಮೊದಲು ಪೆಟ್ಟು ಬೀಳೋದು ಅಲ್ಲಿಗೆ. ಟಿಶ್ಯೂಗೆ ಅಂಟಿರೋ ಸಸೀನ ಎಳೀಬೇಡಿ, ನೀರು ಹನಿಸಿ ಸಡಿಲ ಮಾಡಿ, ಕಪ್ಪು ಕಾಗದದ ಮೇಲೆ ಮಲಗಿಸಿ ಸ್ಕೇಲ್ ಇಡಿ. ಮುಖ್ಯ ಬೇರು ಮಾತ್ರ, ಮಿಲಿಮೀಟರ್‌ನಲ್ಲಿ. ಮೊಳಕೆನೇ ಬರದ ಕಾಳನ್ನ ಸೊನ್ನೆ ಅಂತ ಸರಾಸರಿಗೆ ಸೇರಿಸ್ಬೇಡಿ, ಅದು ಬೇರೆ ಲೆಕ್ಕ. ಆಮೇಲೆ ಭೂತಗನ್ನಡಿ ಹಿಡಿದು ರೋಮ ನೋಡಿ, ಇದಕ್ಕೆ ನಂಬರ್ ಸಿಗಲ್ಲ ಆದ್ರೆ ನೋಡದೇ ಬಿಟ್ರೆ ಅರ್ಧ ಕಥೆ ಬಿಟ್ಟ ಹಾಗೆ, ಗಿಡ ನೀರು ಗೊಬ್ಬರ ಹೀರೋದೇ ಅದರಿಂದ.

ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ಕುಣೀಬೇಡಿ, ಮೂರು ಸಲ ಮಾಡಿ ಮೂರೂ ಸಲ ಅದೇ ದಿಕ್ಕಿಗೆ ಬಂದ್ರೆ ನಂಬಿ. 3ರ ಡಬ್ಬಿಯಲ್ಲಿ ಬೇರು ಬರೀ ನೀರಿಗಿಂತ ಉದ್ದ ಬಂದ್ರೂ ಬರಬಹುದು, ಪ್ರಯೋಗ ಕೆಟ್ಟಿಲ್ಲ, ಸ್ವಲ್ಪ ಪ್ರಮಾಣದ ವಿಷ ಬೆಳವಣಿಗೆಯನ್ನ ಕೆರಳಿಸೋದಕ್ಕೆ ಹಾರ್ಮೆಸಿಸ್ ಅಂತಾರೆ. ಔಷಧಿ ನೀರಲ್ಲಿ ಗಿಡ ಚೆನ್ನಾಗಿ ಬಂತು ಅಂತ ಯಾರಾದ್ರೂ ಹೇಳಿದ್ರೆ ಅವ್ರು ಸುಳ್ಳು ಹೇಳ್ತಿಲ್ದೇ ಇರಬಹುದು, ಯಾವ ಪ್ರಮಾಣ ಅಂತ ಮಾತ್ರ ಕೇಳಿ.

ನಿಮ್ಮ ಗೊಬ್ಬರಕ್ಕೂ ಇದೇ ಟೆಸ್ಟ್

ಕೈ ಪಳಗಿದ್ಮೇಲೆ ಅನುಮಾನ ಇರೋ ಗೊಬ್ಬರ ತಗೊಂಡು, ಒಂದು ಭಾಗಕ್ಕೆ ಹತ್ತು ಭಾಗ ನೀರು ಹಾಕಿ ಕಲಕಿ, ಒಂದು ರಾತ್ರಿ ಬಿಟ್ಟು ಬಟ್ಟೇಲಿ ಸೋಸಿ, ಆ ನೀರಲ್ಲಿ ಸಾಸಿವೆ ಇಡಿ. ಬೇರು ಗಿಡ್ಡ ಬಂದ್ರೆ ಅದು ಔಷಧಿಯಿಂದ್ಲೇ ಅಂತ ಹೇಳೋಕಾಗಲ್ಲ, ಹಸಿ ಗೊಬ್ಬರದ ಅಮೋನಿಯಾ, ಉಪ್ಪು ಕೂಡ ಹಾಗೇ ಮಾಡುತ್ತೆ, ಆದ್ರೆ ಎಳೆ ಸಸಿಗೆ ಇದು ಈಗ್ಲೇ ಬೇಡ ಅನ್ನೋದಂತೂ ಖಚಿತ. ಚೆನ್ನಾಗಿ ಬಿಸಿಯೇರೋ ಹಾಗೆ ರಾಶಿ ಹಾಕಿ ಕಾಂಪೋಸ್ಟ್ ಮಾಡಿ ಮತ್ತೆ ಟೆಸ್ಟ್ ಮಾಡಿ. ಬಿಸಿ ಕಾಂಪೋಸ್ಟ್‌ನಲ್ಲಿ ಟೆಟ್ರಾಸೈಕ್ಲಿನ್ ಬಹಳಷ್ಟು ಒಡೆದು ಹೋಗುತ್ತೆ, ಎಲ್ಲಾ ಔಷಧಿನೂ ಹಾಗೆ ಹೋಗಲ್ಲ. ದನಕ್ಕೆ ಇಂಜೆಕ್ಷನ್ ಕೋರ್ಸ್ ನಡೀತಿದ್ರೆ ಆ ದಿನಗಳ ಸಗಣಿ ಬೇರೆ ರಾಶಿ ಮಾಡೋದು ಸುಲಭದ ದಾರಿ.

ಸಂಸ್ಕರಿಸಿದ ನೀರೊಂದೇ ಗತಿ ಅನ್ನೋರು ಅದನ್ನ ಹೂವಿನ ಗಿಡಕ್ಕೆ, ಮರಕ್ಕೆ, ಹಣ್ಣು ತಿನ್ನೋ ಗಿಡಕ್ಕೆ ಬಿಟ್ಟು, ಸೊಪ್ಪಿಗೆ ಒಳ್ಳೇ ನೀರು ಉಳಿಸ್ಕೊಳ್ಳಿ.

ಕೊನೆಗೆ ಡಬ್ಬಿಗಳು. ಮೊಳಕೆ ಚೆನ್ನಾಗಿದೆ ಅಂತ ತಿನ್ಬೇಡಿ, ಮಕ್ಕಳ ಕೈಗೂ ಕೊಡ್ಬೇಡಿ, ಟಿಶ್ಯೂ ಸಮೇತ ಒಣಗಿಸಿ ಕಸಕ್ಕೆ ಹಾಕಿ. ಮಾತ್ರೆ ಪಟ್ಟೀಲಿ ಉಳಿದಿದ್ದನ್ನ ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಿದ್ರೆ ಐದು ದಿನ ಕೂತು ಅಳೆದ ನೀರನ್ನ ನೀವೇ ತಯಾರಿಸಿ ಕಳಿಸಿದ ಹಾಗಾಗುತ್ತೆ, ಹಳೇ ಮಾತ್ರೆ ವಾಪಸ್ ತಗೊಳ್ಳೋ ಮೆಡಿಕಲ್ ಶಾಪ್ ಇದ್ರೆ ಅಲ್ಲಿಗೆ ಕೊಡಿ, ಇಲ್ಲಾಂದ್ರೆ ಬಳಸಿದ ಕಾಫಿ ಪುಡಿ ಅಥವಾ ಮಣ್ಣಿನ ಜೊತೆ ಕಲಸಿ, ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಅಪಾಯಕಾರಿ ಕಸ ಅಂತ ಬೇರೆಯಾಗಿ ಕೊಡಿ.