ಶವಪೆಟ್ಟಿಗೆ ಪದಕಕ್ಕೆ ಕಳ್ಳತಳ ಕೂರಿಸಿದ್ದು

ಮುಚ್ಚಳ ತೆರೆದರೆ ಅಸ್ಥಿಪಂಜರ ಕಾಣಬೇಕು, ಅದರಡಿಯಲ್ಲಿ ಯಾರಿಗೂ ಗೊತ್ತಾಗದ ಇನ್ನೊಂದು ಜಾಗ ಇರಬೇಕು. ಗಿರಾಕಿ ಕೇಳಿದ್ದು ಇಷ್ಟು. ಮೆಟಲ್ ಸಂಗೀತದ ಹುಚ್ಚಿನ ಹುಡುಗ. ಅವನು ತೋರಿಸಿದ ಗಾಥಿಕ್ ಒಡವೆಗಳ ಚಿತ್ರಗಳಲ್ಲಿ ಬರೀ ದಪ್ಪ ಬುರುಡೆ, ಬಾವಲಿ. ನನಗೆ ಹಿಡಿಸಲಿಲ್ಲ, ಹಳೆಯ ಮಾದರಿ ಹುಡುಕಿದೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಾರ್ ಆಬಿ ಪದಕ ಎಂಬುದಿದೆ. ಇಂಗ್ಲೆಂಡಿನ ಡೆವನ್‌ನಲ್ಲಿ ಸಿಕ್ಕಿದ್ದು, ಸುಮಾರು 1540–50ರ ಕೆಲಸ. ಎನಾಮಲ್ ಮಾಡಿದ ಚಿನ್ನದ ಶವಪೆಟ್ಟಿಗೆ, ಒಳಗೆ ಪುಟ್ಟ ಅಸ್ಥಿಪಂಜರ, ಹೊರಗೆ ಕ್ರಿಸ್ತನ ಪುನರುತ್ಥಾನದ ಮಾತು. ಸಾವನ್ನು ನೆನಪಿನಲ್ಲಿಡು ಎನ್ನುವ ಒಡವೆ, ಹೆದರಿಸಲು ಮಾಡಿದ್ದಲ್ಲ. 1649ರಲ್ಲಿ ದೊರೆ ಒಂದನೆಯ ಚಾರ್ಲ್ಸ್‌ನ ತಲೆ ಹೊಡೆದ ಮೇಲೆ ಅವನ ಕಡೆಯವರು ಅವನ ಚಿತ್ರವಿರುವ ಉಂಗುರ ತೊಡುತ್ತಿದ್ದರು. ಕೆಲವದರಲ್ಲಿ ಚಿತ್ರ ಮುಚ್ಚಳದಡಿ ಅಡಗಿರುತ್ತಿತ್ತು. ಅಂಥ ಒಡವೆಯಲ್ಲಿ ಬುರುಡೆಗಿಂತ ಮುಚ್ಚಳದ ಕೆಲಸ ದೊಡ್ಡದು.

ನಮ್ಮದು ಇಷ್ಟಲಿಂಗದ ಕರಡಿಗೆ, ತಾಯಿತ ಮಾಡುವ ಮನೆ. ಬೆಳ್ಳಿಯ ಟೊಳ್ಳಿನಲ್ಲಿ ಏನಾದರೂ ಇಟ್ಟು ಮುಚ್ಚುವುದು ನಮಗೆ ಹೊಸದಲ್ಲ. ಅಪ್ಪ ಮಾತ್ರ, “ಇದನ್ನ ಕೊರಳಿಗೆ ಹಾಕ್ಕೊಂಡು ಅವನು ಮನೆಯೊಳಗೆ ಹೋಗ್ತಾನಾ?” ಅಂದರು. ಪಕ್ಕೆಲುಬು ಕೆತ್ತಲು ಕೂತಾಗ ದೊಡ್ಡಗದ್ದವಳ್ಳಿ ಗುಡಿಯಲ್ಲಿ ಕಾಳಿಯ ಬಾಗಿಲು ಕಾಯುವ ಬೇತಾಳಗಳನ್ನು ನೋಡು ಅಂದವರೂ ಅವರೇ. ಹೊಯ್ಸಳರ ಆ ಶಿಲ್ಪಿಗೆ ಎಲುಬು ಎಲ್ಲಿ ಉಬ್ಬಬೇಕು, ಹೊಟ್ಟೆ ಎಲ್ಲಿ ಒಳಸೇರಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

ಪೆಟ್ಟಿಗೆಗೆ 92.5ರ ಬೆಳ್ಳಿ ತಗಡು, ಉಳಿದ 7.5 ಪಾಲು ತಾಮ್ರ. ಅಪ್ಪಟ ಬೆಳ್ಳಿ ಮೆದು, ಕೀಲು ಬೇಗ ಸಡಿಲವಾಗುತ್ತದೆ. ಗೋಡೆಯ ಪಟ್ಟಿಗೆ ಮೂಲೆ ಬರುವಲ್ಲೆಲ್ಲ ಅರದಿಂದ ಗೀರು ಹೊಡೆದು, ಮಡಿಸಿ, ಬೆಸುಗೆ ಚೆನ್ನಾಗಿ ಹರಿಯಲೆಂದು ಬಿಳಿಗಾರ ಹಚ್ಚಿ ಬೆಸೆದೆ. ಮುಚ್ಚಳವನ್ನು ಬೇರೆಯಾಗಿ ಮಾಡಲಿಲ್ಲ. ಮೇಲೂ ಕೆಳಗೂ ತಗಡು ಬೆಸೆದು ಇಡೀ ಪೆಟ್ಟಿಗೆ ಮುಚ್ಚಿ, ಆಮೇಲೆ ಸುತ್ತಲೂ ಗೆರೆ ಎಳೆದು ಗರಗಸದಿಂದ ಎರಡು ಮಾಡಿದೆ. ಹೀಗೆ ಮಾಡಿದರೆ ಮುಚ್ಚಳವೂ ಪೆಟ್ಟಿಗೆಯೂ ಒಂದೇ ಗೋಡೆಯ ಎರಡು ತುಂಡು, ಅಂಚಿಗೆ ಅಂಚು ಕೂಡುತ್ತದೆ. ಆದರೆ ಮುಚ್ಚಿ ಬೆಸೆಯುವ ಮುಂಚೆ ಗರಗಸ ಓಡುವ ಗೆರೆಯ ಮೇಲೆ ಸಣ್ಣ ತೂತು ಬೇಕೇ ಬೇಕು. ಇಲ್ಲದಿದ್ದರೆ ಒಳಗಿನ ಗಾಳಿ ಕಾದು ಹಿಗ್ಗಿ ಬೆಸುಗೆಯನ್ನೇ ಸಿಡಿಸುತ್ತದೆ.

ಕಳ್ಳತಳಕ್ಕೆ ಸ್ಪ್ರಿಂಗ್ ಹಾಕಲಿಲ್ಲ. ಇಷ್ಟು ಚಿಕ್ಕದರಲ್ಲಿ ಸ್ಪ್ರಿಂಗ್ ಇಂದಲ್ಲ ನಾಳೆ ಕೈಕೊಡುತ್ತದೆ. ಒಳಗೋಡೆಗಳಿಗೆ ತಲೆಯಿಂದ ಮೊಣಕಾಲಿನವರೆಗೆ ಮಾತ್ರ ತಂತಿಯ ಆಸರೆ ಕೊಟ್ಟೆ, ಪಾದದ ಕಡೆ ಖಾಲಿ. ಮೇಣದಲ್ಲಿ ಕೆತ್ತಿ ಎರಕ ಹೊಯ್ದ ಅಸ್ಥಿಪಂಜರವನ್ನು ತೆಳು ತಗಡಿಗೆ ಬೆಸೆದು, ಆ ತಗಡನ್ನು ತಂತಿಯ ಆಸರೆಯ ಮೇಲೆ ಮಲಗಿಸಿದೆ. ಪಾದ ಒತ್ತಿದರೆ ತಲೆಯ ಕಡೆ ಮೇಲೇಳುತ್ತದೆ, ಹೆಣ ಎದ್ದ ಹಾಗೆ! ತಗಡಿನ ಅಂಚನ್ನು ಓರೆಯಾಗಿ ಅರದಲ್ಲಿ ತೀಡದಿದ್ದರೆ ಅದು ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಅಡಿಯಲ್ಲಿ ಮಡಿಸಿದ ಚೀಟಿಗೋ ಒಂದೆಳೆ ಕೂದಲಿಗೋ ಸಾಕಾಗುವಷ್ಟು ಜಾಗ. ಮುಚ್ಚಳ ತೆರೆದವನು ಅಸ್ಥಿಪಂಜರವೇ ಗುಟ್ಟು ಅಂದುಕೊಂಡು ಅಲ್ಲಿಗೇ ನಿಲ್ಲುತ್ತಾನೆ.

ಮುಚ್ಚಳ ತಿರುಗುವ ಕೀಲಿಗೆ ಮೂರು ಕೊಳವೆ ತುಂಡು: ಎರಡು ಪೆಟ್ಟಿಗೆಗೆ, ನಡುವಿನದು ಮುಚ್ಚಳಕ್ಕೆ. ಬೆಸೆಯುವಾಗ ನೇರ ನಿಲ್ಲಲೆಂದು ಒಳಗೆ ಪೆನ್ಸಿಲ್ ಕಡ್ಡಿ ತೂರಿಸುತ್ತೇನೆ, ಅದಕ್ಕೆ ಬೆಸುಗೆ ಅಂಟುವುದಿಲ್ಲ. ಪಕ್ಕದ ತುಂಡಿಗೆ ಬೆಸುಗೆ ಹರಿಯದಂತೆ ಕಾವಿಮಣ್ಣು ಹಚ್ಚುತ್ತೇನೆ. ಪೆಟ್ಟಿಗೆಯ ಮೊದಲ ಬೆಸುಗೆಗೆ ಹೆಚ್ಚು ಕಾವಿನಲ್ಲಿ ಕರಗುವ ಬೆಸುಗೆ ಲೋಹ, ಕೀಲಿಗೆ ಕಡಿಮೆ ಕಾವಿನಲ್ಲಿ ಕರಗುವುದು. ಇದು ತಿರುಗುಮುರುಗಾದರೆ ಕೀಲು ಬೆಸೆಯುವ ಹೊತ್ತಿಗೆ ಪೆಟ್ಟಿಗೆಯ ಮೂಲೆಗಳು ಬಾಯಿ ಬಿಡುತ್ತವೆ.

ಕೊನೆಗೆ ಕಪ್ಪು. ಇದು ಬಣ್ಣವಲ್ಲ. ಬಿಸಿನೀರಲ್ಲಿ ಲಿವರ್ ಆಫ್ ಸಲ್ಫರ್ ಎಂಬ ಗಂಧಕದ ರಾಸಾಯನಿಕ ಕರಗಿಸಿ ಅದ್ದಿದರೆ ಬೆಳ್ಳಿಯ ಮೈಯೇ ಗಂಧಕದೊಡನೆ ಕೂಡಿ ಕಪ್ಪು ಸಲ್ಫೈಡ್ ಆಗುತ್ತದೆ, ದೇವರಮನೆಯ ಬೆಳ್ಳಿ ದೀಪ ವರ್ಷಗಟ್ಟಲೆ ತಾನಾಗಿ ಮಾಡಿಕೊಳ್ಳುವ ಕೆಲಸವೇ. ಕೊಳೆತ ಮೊಟ್ಟೆಯ ನಾತ, ಕಿಟಕಿ ತೆರೆದಿರಲಿ. ಉಬ್ಬಿದ ಎಲುಬುಗಳನ್ನಷ್ಟೇ ಉಜ್ಜಿ ಬೆಳಗಿಸಿ, ಸಂದಿನ ಕಪ್ಪು ಬಿಟ್ಟೆ. ಕೀಲಿನ ಕಡ್ಡಿ ಹಾಕಿ ತುದಿ ಬಡಿದಿದ್ದು ಇದೆಲ್ಲ ಆದ ಮೇಲೆ. ಅದನ್ನು ಬೆಸೆಯಲಿಲ್ಲ, ಸವೆದರೆ ಬದಲಿಸಬಹುದು.

ಹುಡುಗನಿಗೆ ಕೊಡುವಾಗ ಹೇಳಿದ್ದು ಒಂದೇ: ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಇದನ್ನು ಮುಳುಗಿಸಬೇಡ, ಕಪ್ಪೆಲ್ಲ ಹೋಗಿಬಿಡುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.