ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಪದೇ ಪದೇ ಕಟ್ ಆಗ್ತಿದ್ರೆ ಹೀಗೆ ಮಾಡಿ
ಫೋನ್ ವೈರು ಹೊರಗಿಂದ ಮನೆಯೊಳಗೆ ಬರೋ ಮೊದಲ್ನೇ ಬಾಕ್ಸ್ ಇರತ್ತಲ್ಲ, ಸ್ಪ್ಲಿಟರ್‌ನ (ಮಾತಿನ ಸಿಗ್ನಲ್, ನೆಟ್ ಸಿಗ್ನಲ್ ಎರಡನ್ನೂ ಬೇರೆ ಮಾಡೋ ಪುಟ್ಟ ಡಬ್ಬಿ) ಅಲ್ಲೇ ಹಾಕಿ ಮೋಡೆಮ್‌ಗೆ ಅಲ್ಲಿಂದ್ಲೇ ನೇರವಾಗಿ ಲೈನ್ ಕೊಡಿ, ಬೇರೆ ರೂಮುಗಳ ಫೋನ್‌ಗೆ ಹೋಗೋ ವೈರೆಲ್ಲ ಸ್ಪ್ಲಿಟರ್‌ನ ಫೋನ್ ಕಡೆಗೆ ಬರ್ಲಿ. ನಾವು ಮಾತಾಡೋದು ಸುಮಾರು 4 ಕಿಲೋಹರ್ಟ್ಸ್ ಒಳಗೇ ಮುಗ್ದೋಗತ್ತೆ, ಎಡಿಎಸ್‌ಎಲ್ ಅಂದ್ರೆ ಫೋನ್ ತಂತಿಯಲ್ಲಿ ಬರೋ ಇಂಟರ್ನೆಟ್ ಓಡೋದು ಅದೇ ತಂತಿಯಲ್ಲಿ 25 ಕಿಲೋಹರ್ಟ್ಸ್‌ಗಿಂತ ಮೇಲೆ, ಗೋಡೆ ಉದ್ದಕ್ಕೂ ಎಳೆದಿರೋ ಎಕ್ಸ್‌ಟೆನ್ಷನ್ ವೈರುಗಳು ಆ ಮೇಲಿನ ಸಿಗ್ನಲ್‌ನ ತಿಂದುಹಾಕ್ತವೆ, ಗದ್ದಲಾನೂ ಸೇರಿಸ್ತವೆ. ಸ್ಪ್ಲಿಟರ್ ಅಥವಾ ಫಿಲ್ಟರ್ (ನೆಟ್ ಸಿಗ್ನಲ್ ಫೋನ್‌ಗೆ ಹೋಗದ ಹಾಗೆ ತಡೆಯೋದು) ಇಲ್ದೆ ಒಂದೇ ಒಂದು ಹಳೇ ಫೋನೋ ಫ್ಯಾಕ್ಸೋ ಲೈನ್‌ಗೆ ನೇರ ಸಿಕ್ಕಿಸಿದ್ರೂ ಸಾಕು, ರಿಂಗ್ ಆದಾಗೆಲ್ಲ ನೆಟ್ ಬೀಳಬಹುದು. ನೆಟ್ ಬೇರೆ ರೂಮಲ್ಲಿ ಬೇಕು ಅಂದ್ರೆ ಫೋನ್ ವೈರ್ ಎಳೀಬೇಡಿ, ಮೋಡೆಮ್ ಬಾಕ್ಸ್ ಹತ್ರಾನೇ ಇರ್ಲಿ, ಅಲ್ಲಿಂದ ಲ್ಯಾನ್ ಕೇಬಲ್ ಎಳೀರಿ, ಅದು 100 ಮೀಟರ್‌ವರೆಗೂ ಆರಾಮಾಗಿ ಹೋಗತ್ತೆ. ಆಮೇಲೆ ಬ್ರೌಸರ್‌ನಲ್ಲಿ ತೆಗೆಯೋ ಮೋಡೆಮ್ ಸೆಟ್ಟಿಂಗ್ಸ್ ಪೇಜಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡ್ಕೊಳ್ಳೋಕೆ ಸಿಗ್ನಲ್‌ಗೆ ಎಷ್ಟು ಶಕ್ತಿ ಉಳಿದಿದೆ ಅನ್ನೋ ಲೆಕ್ಕ) ನೋಡಿ, 6 ಡೆಸಿಬೆಲ್‌ಗಿಂತ ಕೆಳಗಿದ್ರೆ ಲೈನ್ ಇನ್ನೂ ಒದ್ದಾಡ್ತಿದೆ ಅಂತ. ಟೆಲಿಫೋನ್ ಎಕ್ಸ್‌ಚೇಂಜ್ 5 ಕಿಲೋಮೀಟರ್‌ಗಿಂತ ದೂರ ಇದ್ರೆ ಇದ್ರಿಂದ ಜಾಸ್ತಿ ಉಪಯೋಗ ಆಗಲ್ಲ. ಹೊರಗಿನ ಜಾಯಿಂಟ್ ಕಿಲುಬು ಹಿಡಿದಿದ್ರೂ ಅಷ್ಟೇ, ರಿಸೀವರ್ ಎತ್ತಿ ಒಂದು ನಂಬರ್ ಒತ್ತಿ ಸುಮ್ನೆ ಕೇಳಿ, ನಿಶ್ಶಬ್ದ ಇರ್ಬೇಕಾದ ಜಾಗದಲ್ಲಿ ಕರಕರ ಅಂದ್ರೆ ಮನೆಯೊಳಗೆ ಏನು ಮಾಡಿದ್ರೂ ಸರಿಹೋಗ್ದೇ ಇರಬಹುದು, ಆಗ ಲೈನ್‌ಮ್ಯಾನ್‌ನೇ ಕರೀಬೇಕು, ಕರೆದಾಗ ನೆಟ್ ಸ್ಲೋ ಅನ್ನೋದಕ್ಕಿಂತ ಫೋನಲ್ಲಿ ಕರಕರ ಸದ್ದು ಅಂತ್ಲೇ ಹೇಳಿ.